ಟೈಗರ್ ಮಾತ್ ರೆಕ್ಕೆಯೊಳಗೆ ಏನಿತ್ತು: ಹಳೆ ವಿಮಾನವನ್ನು ಮತ್ತೆ ಹಾರಿಸಿದ ನನ್ನ ಅನುಭವ

ನಮ್ಮ ಮ್ಯೂಸಿಯಂ ಸಂಗ್ರಹಕ್ಕೆ ಬಂದ ಟೈಗರ್ ಮಾತ್ ನೋಡೋಕೆ ಚೆನ್ನಾಗೇ ಇತ್ತು. ಬಣ್ಣ ಹೊಳೀತಿತ್ತು, ಪ್ರೊಪೆಲ್ಲರ್ ಸಲೀಸಾಗಿ ತಿರುಗುತ್ತಿತ್ತು. "ಎಂಜಿನ್ ಸರ್ವಿಸ್ ಮಾಡಿದ್ರೆ ಹಾರುತ್ತೆ ಅಲ್ವಾ?" ಅಂತ ಕೇಳಿದವರೇ ಜಾಸ್ತಿ. ನನಗೆ ಎಂಜಿನ್ ಬಗ್ಗೆ ಅಂಥ ಚಿಂತೆ ಇರಲಿಲ್ಲ. ಬಟ್ಟೆಯ ಕೆಳಗಿರುವ ಮರದ ಬಗ್ಗೆ ಇತ್ತು.

ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ಆಮೇಲೆ 8,000ಕ್ಕೂ ಹೆಚ್ಚು ತಯಾರಾದವು. ಒಡಲು ಉಕ್ಕಿನ ಕೊಳವೆಗಳದ್ದು, ರೆಕ್ಕೆ ಸ್ಪ್ರೂಸ್ ಮರದ್ದು, ಮೇಲೆ ಬಟ್ಟೆಯ ಹೊದಿಕೆ. ಇಂಥ ಕೆಲಸದಲ್ಲಿ ಯಾವಾಗಲೂ ಎರಡು ಕಡೆಯಿಂದ ಎಳೆತ. ಸಂಗ್ರಹ ನೋಡಿಕೊಳ್ಳುವವರು "ಹಳೇದನ್ನ ಆದಷ್ಟು ಉಳಿಸಿ" ಅಂತಾರೆ. ಇನ್‌ಸ್ಪೆಕ್ಟರ್ "ಅನುಮಾನ ಬಂದದ್ದನ್ನ ತೆಗೀರಿ" ಅಂತಾರೆ. ಇಬ್ಬರದೂ ನ್ಯಾಯವೇ. ಆದರೆ ಮೇಲೆ ಹೋಗುವುದು ಪೈಲಟ್. ಹಾಗಾಗಿ ಭಾರ ಹೊರುವ ಭಾಗದಲ್ಲಿ ನಾನು ಇನ್‌ಸ್ಪೆಕ್ಟರ್ ಪಕ್ಷ.

ಬಟ್ಟೆ ಕಿತ್ತ ಮೇಲೆ ಮೊದಲು ನೋಡಿದ್ದು ಅಂಟನ್ನು. ಆ ಕಾಲದ ಮರದ ವಿಮಾನಗಳಲ್ಲಿ ಹಾಲಿನಿಂದ ತೆಗೆದ ಕೇಸಿನ್ ಅಂಟಿನ ಬಳಕೆ ಬಹಳ ಇತ್ತು. ಒಣಗಿದ್ದಾಗ ಗಟ್ಟಿ, ತೇವ ತಗುಲಿದರೆ ಬೂಸ್ಟು ಹಿಡಿದು ಹಾಳು. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ. ಸಂದಿಗೆ ತೆಳುವಾದ ಉಳಿ ಇಟ್ಟು ಮೆಲ್ಲಗೆ ಎತ್ತಿ ನೋಡಬೇಕು. ಮರದ ನಾರು ಹರಿದು ಬಂದರೆ ಅಂಟು ಇನ್ನೂ ಹಿಡಿದಿದೆ ಅಂತ. ಎರಡು ತುಂಡು ನುಣ್ಣಗೆ ಬೇರೆಯಾಗಿ, ನಡುವೆ ಪುಡಿ ಉದುರಿದರೆ ಆ ಜೋಡಣೆ ಮುಗಿದಂತೆ. ನಮ್ಮ ಕೆಳ ರೆಕ್ಕೆಯ ಕೆಲವು ರಿಬ್‌ಗಳು, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳು, ಕೈಯಲ್ಲೇ ಬಿಟ್ಟುಕೊಂಡವು. ರೆಕ್ಕೆಯ ಹಿಂಬದಿ ಅಂಚಿನ ಹತ್ತಿರ, ನೀರು ಬಸಿಯುವ ತೂತು ಮುಚ್ಚಿಹೋಗಿದ್ದ ಕಡೆ, ಹಾನಿ ಹೆಚ್ಚಿತ್ತು.

ಮುಂದಿನದು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ. ಇದರಲ್ಲಿ ನಾನು ಹೆದರುವುದು ಬಿರುಕಿಗಲ್ಲ, ಒತ್ತಡಕ್ಕೆ ನಾರು ಕುಗ್ಗಿದ ಗೆರೆಗೆ. ಯಾವುದೋ ಕಾಲದಲ್ಲಿ ವಿಮಾನ ಜೋರಾಗಿ ನೆಲಕ್ಕೆ ಬಡಿದಿದ್ದರೆ, ನಾರಿಗೆ ಅಡ್ಡವಾಗಿ ಕೂದಲೆಳೆಯಂಥ ಗೆರೆ ಬಿದ್ದಿರುತ್ತದೆ. ಟಾರ್ಚನ್ನು ನೇರವಾಗಿ ಹಿಡಿದರೆ ಕಾಣಲ್ಲ. ಮರಕ್ಕೆ ಒರಗಿಸಿದಂತೆ ಓರೆಯಾಗಿ ಹಿಡಿದಾಗ ನೆರಳು ಮೂಡುತ್ತೆ. ಒಂದು ಸ್ಪಾರ್‌ನಲ್ಲಿ ಅಂಥ ಗೆರೆ ಸಿಕ್ಕಿತು. ಅದಕ್ಕೆ ತೇಪೆ ಹಾಕುವ ಮಾತೇ ಇಲ್ಲ, ಬದಲಾಯಿಸಲೇಬೇಕು.

ಹೊಸ ಸ್ಪಾರ್‌ಗೆ ಮರ ಆರಿಸುವುದಕ್ಕೇ ಬಹಳ ಸಮಯ ಹೋಯಿತು. ನಾರಿನ ಓರೆ 15 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚಿರಬಾರದು, ಇಂಚಿಗೆ ಕನಿಷ್ಠ 6 ಬೆಳವಣಿಗೆಯ ಉಂಗುರ ಇರಬೇಕು. ಗಂಟು, ಅಂಟುರಸದ ಚೀಲ ಇರುವ ಹಲಗೆಗಳನ್ನು ಪಕ್ಕಕ್ಕಿಟ್ಟೆವು. ತೆಗೆದ ಹಳೆಯ ಸ್ಪಾರ್‌ಗೆ ಚೀಟಿ ಕಟ್ಟಿ, ಫೋಟೋ ತೆಗೆದು, ಸಂಗ್ರಹದ ಉಗ್ರಾಣಕ್ಕೆ ಕೊಟ್ಟೆವು. ಅಲ್ಲಿಗೆ ಆ ಎಳೆತ ಒಂದು ಮಟ್ಟಿಗೆ ತಣ್ಣಗಾಯಿತು.

ಬಟ್ಟೆಗೆ ಲಿನನ್ನನ್ನೇ ಬಳಸಿದೆವು. ಈಗ ಪಾಲಿಯೆಸ್ಟರ್ ಸಿಗುತ್ತೆ, ಇಸ್ತ್ರಿಪೆಟ್ಟಿಗೆಯಿಂದಲೇ ಬಿಗಿ ಮಾಡಬಹುದು, ಬಾಳಿಕೆಯೂ ಜಾಸ್ತಿ. ಆದರೆ ಇಂಥ ಕಡೆ ಹಳೆಯ ವಿಧಾನ ಬಿಡಬಾರದು ಅನ್ನೋದು ನನ್ನ ಹಟ. ಮೇಣ ಸವರಿದ ದಾರದಿಂದ ಒಂದೊಂದೇ ರಿಬ್‌ಗೆ ಹೊಲಿಗೆ. ಸೂಜಿ ಈ ಕಡೆಯಿಂದ ಒಬ್ಬರು ತೂರಿಸಿದರೆ, ಆ ಕಡೆಯಿಂದ ಇನ್ನೊಬ್ಬರು ವಾಪಸ್ ಕೊಡಬೇಕು. ಆಮೇಲೆ ಡೋಪ್, ಅಂದರೆ ಒಣಗುತ್ತಾ ಬಟ್ಟೆಯನ್ನು ಬಿಗಿ ಮಾಡುವ ದ್ರವ, ಬಳಿಯುವುದು. ಮೊದಲ ಕೋಟ್ ನೂಲಿನೊಳಗೆ ಇಳಿಯುವಂತೆ ಬ್ರಷ್‌ನಿಂದಲೇ ಉಜ್ಜಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಡಬ್ಬ ತೆರೆಯಲೇಬಾರದು, ಬೆಳ್ಳಗೆ ಮಂಜು ಕಟ್ಟಿದಂತಾಗಿ ಡೋಪ್‌ನ ಬಲ ಹೋಗುತ್ತೆ. ಒಣಗುತ್ತಾ ಬಟ್ಟೆ ಬಿಗಿಯಾಗಿ, ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತೆ. ಬಿಸಿಲಿನಿಂದ ನೂಲು ಸಾಯದಂತೆ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆತ ಕೋಟ್‌ಗಳು. ಡೋಪ್‌ನ ಹಬೆಗೆ ಬೆಂಕಿ ಬೇಗ ಹತ್ತುತ್ತೆ, ಶೆಡ್‌ನಲ್ಲಿ ಒಂದು ಕಿಡಿಯೂ ಇರಬಾರದು.

ಎಂಜಿನ್ ಜಿಪ್ಸಿ ಮೇಜರ್. ನಾಲ್ಕು ಸಿಲಿಂಡರ್‌ಗಳೂ ತಲೆಕೆಳಗಾಗಿ ನೇತಾಡುತ್ತವೆ. ನಿಂತಾಗ ಆಯಿಲ್ ನಿಧಾನವಾಗಿ ಸಿಲಿಂಡರ್‌ಗೆ ಇಳಿದುಬಿಡುತ್ತೆ. ಅದಕ್ಕೇ ಸ್ಟಾರ್ಟ್ ಮಾಡುವ ಮುಂಚೆ ಸ್ವಿಚ್ ಆಫ್ ಇರುವುದನ್ನು ಖಚಿತ ಮಾಡಿಕೊಂಡು, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಪ್ಲಗ್ ಬಿಚ್ಚಿ ಆಯಿಲ್ ಬಸಿಯಬೇಕು. ಇನ್ನು ಪ್ಲಗ್‌ಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊ. ತಣ್ಣಗಿದ್ದಾಗ ಒಳ್ಳೇ ಕಿಡಿ ಕೊಟ್ಟು, ಬಿಸಿಯಾದ ಮೇಲೆ ಕೈಕೊಡುವುದು ಹಳೆಯ ಕಾಯಿಲ್‌ಗಳ ಚಾಳಿ. ಕಾಯಿಲ್ ಹೊಸದಾಗಿ ಸುತ್ತಿಸಿ, ಬಿಸಿ ಮಾಡಿಯೇ ಪರೀಕ್ಷೆ ಮಾಡಿಸಿದೆವು.

ರೆಕ್ಕೆ ಕೂರಿಸಿ, ಮೇಲಿನ ಕೆಳಗಿನ ರೆಕ್ಕೆಗಳನ್ನು ಹಿಡಿದಿಡುವ ತಂತಿ ಬಿಗಿಯುವುದು ತಾಳ್ಮೆಯ ಕೆಲಸ. ಒಂದನ್ನು ಬಿಗಿದರೆ ಇನ್ನೊಂದು ಸಡಿಲ. ತಂತಿಯ ತುದಿಯ ಫಿಟಿಂಗ್‌ನಲ್ಲಿ ಸಣ್ಣ ತೂತು ಇರುತ್ತೆ. ಅದರಲ್ಲಿ ಪಿನ್ ಆರಪಾರ ಹೋದರೆ ಒಳಗೆ ಸಾಕಷ್ಟು ಥ್ರೆಡ್ ಹಿಡಿದಿಲ್ಲ ಅಂತ ಅರ್ಥ. ಪ್ರತಿ ತಂತಿಗೂ ನಾನೇ ಪಿನ್ ಚುಚ್ಚಿ ನೋಡಿದೆ, ಆಮೇಲೆ ಬೇರೆಯವರಿಂದ ಇನ್ನೊಮ್ಮೆ ನೋಡಿಸಿದೆ.

ಮೊದಲ ಹಾರಾಟದಿಂದ ಇಳಿದ ಪೈಲಟ್, ಹಾರುವಾಗ ವಿಮಾನ ಸ್ವಲ್ಪ ಎಡಕ್ಕೆ ವಾಲುತ್ತಿದೆ ಅಂದರು. ಇದು ಸಾಮಾನ್ಯ. ತಂತಿಗಳಲ್ಲೇ ಕೋನ ಸ್ವಲ್ಪ ತಿದ್ದಿದ ಮೇಲೆ ಸರಿಹೋಯಿತು. ಪಲ್ಟಿ ಹೊಡೆಸುವ ಆಟವೆಲ್ಲ ಬೇಡ ಅಂತ ಮೊದಲೇ ನಿರ್ಧಾರವಾಗಿತ್ತು. ಇಂಗ್ಲೆಂಡಿನ ಶಟಲ್‌ವರ್ತ್ ಸಂಗ್ರಹದಲ್ಲಿ 1909ರ ಬ್ಲೇರಿಯೋ ವಿಮಾನ ಇದೆ. ಅದನ್ನು ಮೈದಾನದ ಮೇಲೆ ನೇರವಾಗಿ ಸ್ವಲ್ಪ ದೂರವಷ್ಟೇ ಹಾರಿಸುತ್ತಾರೆ. ಅಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಹೊಸ ಮರ, ಹೊಸ ಬಟ್ಟೆ ಕೂತುಕೊಳ್ಳುವ ತನಕ ತಂತಿಗಳು ಸಡಿಲವಾಗುತ್ತಲೇ ಇರುತ್ತವೆ. ಈಗಲೂ ಹಾರಾಟ ಮುಗಿದು ವಿಮಾನ ಶೆಡ್‌ಗೆ ಬಂದರೆ ತೊಟ್ಟಿಕ್ಕುವ ಆಯಿಲ್‌ಗೆ ಎಂಜಿನ್ ಕೆಳಗೆ ತಟ್ಟೆ ಇಟ್ಟು, ಪಿನ್ ಹಿಡಿದು ತಂತಿಗಳತ್ತ ಹೋಗುತ್ತೇನೆ.