ಹೆಪ್ಪು ಕಾಯುವ ಕೆಲಸ

ನಾನು ಬುದ್ಧಿಹಲ್ಲು ಕೀಳಿಸಿದ್ದು ಎರಡು ಸಲ. ಮೊದಲು ಕೆಳದವಡೆಯ ಎಡಗಡೆಯದು, ಒಂದು ವರ್ಷ ಬಿಟ್ಟು ಬಲಗಡೆಯದು. ಎರಡೂ ಪಕ್ಕದ ಹಲ್ಲಿಗೆ ಒರಗಿಕೊಂಡು ಅಡ್ಡಡ್ಡ ಬೆಳೆದಿದ್ದವು. ಕಿತ್ತ ಡಾಕ್ಟರೂ ಒಬ್ಬರೇ. ಆದರೂ ಮೊದಲ ಸಲ ಹತ್ತು ದಿನ ಒದ್ದಾಡಿದೆ, ಎರಡನೇ ಸಲ ನಾಲ್ಕನೇ ದಿನಕ್ಕೆ ಕೆಲಸಕ್ಕೆ ಹೋದೆ. ವ್ಯತ್ಯಾಸ ಆಗಿದ್ದೆಲ್ಲ ಮನೆಗೆ ಬಂದ ಮೇಲೆ.

ಮೊದಲ ಸಲ ರಾತ್ರಿ ಬಾಯಲ್ಲಿ ರಕ್ತದ ರುಚಿ ಹೋಗುತ್ತಲೇ ಇರಲಿಲ್ಲ. ಅಸಹ್ಯವಾಗಿ ಮೂರ್ನಾಲ್ಕು ಸಲ ಜೋರಾಗಿ ಮುಕ್ಕಳಿಸಿ ಉಗುಳಿದೆ. ಮರುದಿನ ಅಗಿಯೋ ಕಷ್ಟ ಬೇಡ ಅಂತ ಸ್ಟ್ರಾ ಹಾಕಿ ಜ್ಯೂಸ್ ಕುಡಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಶುರುವಾದ ನೋವು ದವಡೆಯಿಂದ ಹತ್ತಿ ಕಿವಿಯೊಳಗೆ ಹೋಗಿ ಕೂತಿತು. ಮಾತ್ರೆಗೆ ಬಗ್ಗಲೇ ಇಲ್ಲ. ಬಾಯಿ ಬೇರೆ ನಾರುತ್ತಿತ್ತು. ಕನ್ನಡಿ ಮುಂದೆ ಟಾರ್ಚ್ ಹಿಡಿದು ನೋಡಿದರೆ ಗುಳಿ ಖಾಲಿ. ತಳದಲ್ಲಿ ಬಿಳಿಚಿದ ಮೂಳೆ ಕಾಣುತ್ತಿತ್ತು.

ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಗೂ ನರಕ್ಕೂ ಮುಚ್ಚಳದ ಹಾಗೆ ಕೂರುತ್ತದೆ. ಅದು ಕಿತ್ತು ಬಂದರೆ ಮೂಳೆ ಬತ್ತಲೆ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲ್ಲಾಡಿಸುತ್ತಾ ಇದ್ದರೆ ಮೊಸರು ಗಟ್ಟಿಯಾಗುತ್ತಾ? ನಾನು ಮಾಡಿದ್ದು ಅದನ್ನೇ. ಡಾಕ್ಟರ್ ಗುಳಿ ತೊಳೆದು ಲವಂಗದೆಣ್ಣೆ ವಾಸನೆಯ ಔಷಧಿ ತುಂಬಿದರು. ಸ್ವಲ್ಪ ಹೊತ್ತಿಗೇ ಜೀವ ಬಂದಂತಾಯಿತು. ಆದರೆ ಆ ಔಷಧಿ ಬದಲಾಯಿಸಲು ಮತ್ತೆ ಮತ್ತೆ ಹೋಗಬೇಕಾಯಿತು.

ಹಾಗಾಗಿ ಎರಡನೇ ಸಲ ತಯಾರಿ ಮಾಡಿಕೊಂಡೇ ಹೋದೆ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಕೊಟ್ಟೆ. ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ, ಸಕ್ಕರೆ ಕಾಯಿಲೆ ಇದ್ದವರಂತೂ ಇದನ್ನು ಮರೆಯಬಾರದು. ಹಾಗಂತ ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತಪ್ಪು. ನನಗೆ ಆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಡುವುದಿತ್ತು, ಅದಕ್ಕೆ ಹೊಟ್ಟೆ ತುಂಬ ತಿಂದು ಹೋದೆ. ಪೂರ್ತಿ ಮಲಗಿಸಿ ಮಾಡುವುದಾದರೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕು, ಎಷ್ಟು ಗಂಟೆ ಅಂತ ಅವರೇ ಹೇಳುತ್ತಾರೆ. ಹೋಗುವ ಮುಂಚೆ ಮನೆಯಲ್ಲಿ ಎರಡು ದಿಂಬು ಜಾಸ್ತಿ ಇಟ್ಟೆ, ಐಸ್ ಮಾಡಿಟ್ಟೆ, ಅಗಿಯದೆ ನುಂಗುವಂಥ ಊಟ ಮಾಡಿಟ್ಟೆ.

ಕೀಳುವಾಗ ನೋವಾಗಲಿಲ್ಲ. ಒತ್ತುವುದು, ಅಲ್ಲಾಡಿಸುವುದು ಗೊತ್ತಾಗುತ್ತದೆ. ಹಲ್ಲನ್ನು ತುಂಡು ಮಾಡುವ ಸದ್ದು ಮೂಳೆಯ ಮೂಲಕ ಸೀದಾ ತಲೆಯೊಳಗೆ ಕೇಳುತ್ತದಲ್ಲ, ಅದೇ ಹೆದರಿಸುವುದು. ಆಮೇಲೆ ಹೊಲಿಗೆ ಹಾಕಿ ಗಾಜ್ ಬಟ್ಟೆ ಇಟ್ಟು ಕಚ್ಚಿಕೊಳ್ಳಿ ಅಂದರು. ಮುಕ್ಕಾಲು ಗಂಟೆ ಒಂದೇ ಸಮ ಕಚ್ಚಿ ಹಿಡಿದೆ. ನಡುವೆ ತೆಗೆದು ನೋಡುವ ಚಪಲ ಬಂತು, ತಡೆದುಕೊಂಡೆ. ತೆಗೆದು ನೋಡಿದಷ್ಟೂ ರಕ್ತ ನಿಲ್ಲುವುದು ತಡ.

ತುಟಿ ಇನ್ನೂ ಮರಗಟ್ಟಿರುವಾಗಲೇ, ಡಾಕ್ಟರ್ ಹೇಳಿದ ಹಾಗೆ, ನೋವಿನ ಮಾತ್ರೆ ನುಂಗಿದೆ. ನೋವು ಬರಲಿ ನೋಡೋಣ ಅಂತ ಕಾದರೆ ಅದನ್ನು ಹಿಡಿಯುವುದು ಕಷ್ಟ. ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಲಿಲ್ಲ, ನಮ್ಮ ಕೆನ್ನೆಯನ್ನೇ ಅಗಿದುಬಿಟ್ಟರೂ ಗೊತ್ತಾಗುವುದಿಲ್ಲ.

ಮೊದಲ 24 ಗಂಟೆ ಮುಕ್ಕಳಿಸಲಿಲ್ಲ, ಉಗುಳಲೂ ಇಲ್ಲ. ಎಂಜಲನ್ನು ಸುಮ್ನೆ ನುಂಗಿದೆ. ತೀರಾ ಆಗದಿದ್ದರೆ ಬೇಸಿನ್ ಮೇಲೆ ಬಗ್ಗಿ ಬಾಯಿ ತೆರೆದು ತಾನಾಗಿ ಸುರಿಯಲು ಬಿಟ್ಟೆ. ಬಟ್ಟೆ ಸುತ್ತಿದ ಐಸನ್ನು ಕೆನ್ನೆಗೆ 20 ನಿಮಿಷ ಇಟ್ಟು, 20 ನಿಮಿಷ ಬಿಟ್ಟು, ಮತ್ತೆ ಇಟ್ಟೆ. ತಲೆ ಎತ್ತರಕ್ಕಿಟ್ಟು ಮಲಗಿದೆ. ಸಿಗರೇಟ್ ಸೇದುವವರಿಗೆ ಡ್ರೈ ಸಾಕೆಟ್ ಆಗುವುದು ಜಾಸ್ತಿ. ನನಗೆ ಆ ಚಟ ಇರಲಿಲ್ಲ, ಬಚಾವ್.

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಅದನ್ನು ಬಾಯಲ್ಲಿ ಹಿಡಿದು ತಲೆಯನ್ನಷ್ಟೇ ಆ ಕಡೆ ಈ ಕಡೆ ವಾಲಿಸುವುದು, ಕೊನೆಗೆ ತಾನೇ ಬೀಳಲು ಬಿಡುವುದು. ಬ್ರಷ್ ಮಾಡಿದೆ, ಹೊಲಿಗೆಯ ಕಡೆ ಮಾತ್ರ ಹೋಗಲಿಲ್ಲ.

ಎರಡನೇ ದಿನಕ್ಕಿಂತ ಮೂರನೇ ದಿನ ಮುಖ ಜಾಸ್ತಿ ಊದಿತ್ತು, ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಅದು ಮಾಮೂಲಿ, ಆಮೇಲೆ ತಾನೇ ಇಳಿಯುತ್ತದೆ. ಇಳಿಯುವ ಬದಲು ಏರುತ್ತಾ ಹೋದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಕಾಯಬಾರದು, ಡಾಕ್ಟರ್‌ಗೆ ಫೋನ್ ಮಾಡಬೇಕು. ಉಸಿರಾಡಲೋ ನುಂಗಲೋ ಕಷ್ಟ ಆದರೆ ಸೀದಾ ಆಸ್ಪತ್ರೆಗೇ ಓಡಬೇಕು. ನಾನು ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ಗುಳಿಯ ಮೇಲೆ ಹಳದಿ ಮಿಶ್ರಿತ ಬಿಳಿ ಪೊರೆ ಕಾಣಿಸಿತು. ಕೀವು ಅಂತ ಹೆದರಿ ಕಿವಿಕಡ್ಡಿ ಕೈಗೆತ್ತಿಕೊಂಡಿದ್ದೆ! ಪುಣ್ಯಕ್ಕೆ ಮೊದಲು ಫೋನ್ ಮಾಡಿದೆ. ಅದು ಗಾಯ ಮಾಯುವ ಪೊರೆಯಂತೆ, ಮುಟ್ಟಬೇಡಿ ಅಂದರು.

ಏಳನೇ ದಿನ ಹೊಲಿಗೆ ಬಿಚ್ಚಿದರು. ಕೆಲವು ವಾರಕ್ಕೆ ಒಸಡು ಮುಚ್ಚಿತು, ಒಳಗೆ ಮೂಳೆ ತುಂಬಿ ತಗ್ಗು ಸಮ ಆಗಲು ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಊಟ ಆದ ಮೇಲೆ ಅಲ್ಲಿ ಒಂದು ಅಗುಳಾದರೂ ಸಿಕ್ಕಿಕೊಂಡಿರುತ್ತಿತ್ತು, ನಾಲಿಗೆ ಅದನ್ನೇ ಹುಡುಕಿಕೊಂಡು ಹೋಗುತ್ತಿತ್ತು.