ಸೋತ ಬೇಸ್‌ಬಾಲ್ ತಂಡ ಮತ್ತೆ ಕಟ್ಟುವುದು ಹೇಗೆ? ಮೊದಲು ಮಾರುವುದನ್ನು ಕಲಿಯಿರಿ

ಷಿಕಾಗೊ ಸುತ್ತಮುತ್ತ ಇರುವ ನಾವು ಹನ್ನೆರಡು ಮಂದಿ ಕನ್ನಡಿಗರು ಪ್ರತಿ ವರ್ಷ ಫ್ಯಾಂಟಸಿ ಬೇಸ್‌ಬಾಲ್ ಲೀಗ್ (ನಿಜವಾದ ಆಟಗಾರರನ್ನು ಆರಿಸಿ ಕಲ್ಪನೆಯ ತಂಡ ಕಟ್ಟುವ ಆಟ) ನಡೆಸುತ್ತೇವೆ. ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳಬಹುದಾದ ಲೀಗ್. ತಂಡ ತಳ ಕಂಡ ಕೂಡಲೇ ‘ಈ ಸಲದಿಂದ ರೀಬಿಲ್ಡ್’ ಎಂದು ಹೊರಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೂರು ವರ್ಷ ಕಳೆದರೂ ಅವರು ಅದೇ ತಳದಲ್ಲಿರುತ್ತಾರೆ. ಎಲ್ಲರೂ ಎಡವುವುದು ಒಂದೇ ಕಡೆ, ಮಾರುವಾಗ, ಅಂದರೆ ತಮ್ಮ ಆಟಗಾರನನ್ನು ಕೊಟ್ಟು ಬೇರೆ ತಂಡದ ಆಟಗಾರನನ್ನು ಪಡೆಯುವ ‘ಟ್ರೇಡ್’ನಲ್ಲಿ. ಅಮೆರಿಕದ ಅಗ್ರ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನ ನಿಜವಾದ ತಂಡಗಳೂ ಅಲ್ಲೇ ಎಡವುತ್ತವೆ. ಆದ್ದರಿಂದ ಈ ಕೆಲಸವನ್ನು ಸರಿಯಾಗಿ ಮಾಡಿದ ಷಿಕಾಗೊ ಕಬ್ಸ್ ತಂಡವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. 1908ರ ನಂತರ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆಲ್ಲದೇ ಇದ್ದ ತಂಡ ಅದು. 2012ರಲ್ಲಿ 101 ಪಂದ್ಯ ಸೋತಿತು, 2016ರಲ್ಲಿ ಗೆದ್ದಿತು.

ಐಪಿಎಲ್ ನೋಡಿ ಬೆಳೆದವರಿಗೆ ಒಂದು ಮಾತು. ಅಲ್ಲಿ ಮೆಗಾ ಹರಾಜು ಬಂದರೆ ತಂಡವೇ ಹೊಸದಾಗುತ್ತದೆ. ಇಲ್ಲಿ ಹರಾಜಿಲ್ಲ. ಮೇಜರ್ ಲೀಗ್‌ಗೆ ಕಾಲಿಟ್ಟ ಹುಡುಗ ಆರು ಸೀಸನ್ ತಂಡದ ಹಿಡಿತದಲ್ಲಿರುತ್ತಾನೆ, ಮೊದಲ ಮೂರು ವರ್ಷ ಬಹುಪಾಲು ಕನಿಷ್ಠ ಸಂಬಳದ ಆಸುಪಾಸಿನಲ್ಲಿ. ಆ ಅಗ್ಗದ ವರ್ಷಗಳೇ ನಿಮ್ಮ ಬಂಡವಾಳ. ನೀವು ಕೊಡುವುದೂ ಕೊಳ್ಳುವುದೂ ಆಟಗಾರನಿಗಿಂತ ಹೆಚ್ಚಾಗಿ ಅವನಲ್ಲಿ ಉಳಿದಿರುವ ವರ್ಷಗಳನ್ನು.

ಮೊದಲ ಹೆಜ್ಜೆ: ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷ ಬರೆಯಿರಿ. ನಿಮ್ಮ ತಂಡ ಗೆಲ್ಲುವ ಹೊತ್ತಿಗೆ ಯಾರು ಇರುವುದಿಲ್ಲವೋ ಅವರೆಲ್ಲ ಮಾರಾಟಕ್ಕೆ. ಒಂದು ಸಂಜೆಯ ಕೆಲಸ.

ಎರಡನೆಯದು ಮಾರಾಟ. ಇಲ್ಲಿ ನಿಧಾನಿಸಿ.

ಗಾಳಿ ಬಂದಾಗ ತೂರಿಕೊಳ್ಳಬೇಕು. ಜುಲೈ ಕೊನೆಯ ಟ್ರೇಡ್ ಗಡುವು ಹತ್ತಿರವಾದಂತೆ ಪ್ಲೇಆಫ್ ಆಸೆಯ ತಂಡಗಳಿಗೆ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಹಸಿವು ಹೆಚ್ಚುತ್ತದೆ. ಆದರೆ ಕೊನೆಯ ದಿನದವರೆಗೂ ಕಾಯುವುದನ್ನು ನಾನು ಒಪ್ಪುವುದಿಲ್ಲ. ತಿಂಗಳ ಮೊದಲೇ ಮಾರಿದರೆ ಕೊಳ್ಳುವವನಿಗೆ ಆ ಪಿಚರ್ ಎಸೆಯುವ ಐದಾರು ಪಂದ್ಯ ಹೆಚ್ಚು ಸಿಗುತ್ತದೆ, ಮಾರುಕಟ್ಟೆಯಲ್ಲಿ ಬೇರೆ ಅಂಗಡಿಗಳೂ ತೆರೆದಿರುವುದಿಲ್ಲ. 2013ರ ಜುಲೈ 2ರಂದು ಕಬ್ಸ್ ಮಾಡಿದ್ದು ಇದನ್ನೇ. ಒಂದು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟು ತಂದಿದ್ದ ಸ್ಕಾಟ್ ಫೆಲ್ಡ್‌ಮನ್ ಚೆನ್ನಾಗಿ ಎಸೆಯುತ್ತಿದ್ದ. ಅವನನ್ನೂ ಕ್ಯಾಚರ್ ಸ್ಟೀವ್ ಕ್ಲೆವೆಂಜರ್‌ನನ್ನೂ ಬಾಲ್ಟಿಮೋರ್‌ಗೆ ಕೊಟ್ಟು ಜೇಕ್ ಅರಿಯೆಟಾ ಮತ್ತು ಪೆಡ್ರೊ ಸ್ಟ್ರೋಪ್ ಇಬ್ಬರನ್ನು ಪಡೆದರು. ಆ ವರ್ಷ ಬಾಲ್ಟಿಮೋರ್‌ನಲ್ಲಿ ಅರಿಯೆಟಾ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 7.23 ರನ್ ಬಿಟ್ಟುಕೊಡುತ್ತಿದ್ದ. ಷಿಕಾಗೊದಲ್ಲಿ ಅವನಿಗೆ ಸಹಜವಾದ ರೀತಿಯಲ್ಲೇ ಎಸೆಯಲು ಬಿಟ್ಟರು. 2015ರಲ್ಲಿ ಅದೇ ಸರಾಸರಿ 1.77ಕ್ಕೆ ಇಳಿಯಿತು, 22 ಗೆಲುವು ಬಂತು, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಬಂತು. ಎದುರಿನ ತಂಡ ಬೇಸತ್ತಿರುವ, ಆದರೆ ತೋಳಿನಲ್ಲಿ ಕಸುವಿರುವ ಹುಡುಗನನ್ನು ಕೇಳಿ.

ನಿಮಗೆ ಮೊದಲೇ ಗೊತ್ತಿರುವ ಹುಡುಗನನ್ನೇ ಕೇಳುವುದು ಇನ್ನೂ ಒಳ್ಳೆಯದು. ಬ್ಯಾಟರ್ ಆಂತೊನಿ ರಿಝೊ 2011ರಲ್ಲಿ ಸ್ಯಾನ್ ಡಿಯಾಗೊ ಪರ .141 ಬ್ಯಾಟಿಂಗ್ ಸರಾಸರಿಯಲ್ಲಿ, ಅಂದರೆ ನೂರು ಸರದಿಗೆ ಹದಿನಾಲ್ಕೇ ಹಿಟ್‌ನಲ್ಲಿ, ಒದ್ದಾಡಿದ್ದ. ಕಬ್ಸ್‌ನ ಆಗಿನ ಮುಖ್ಯಸ್ಥ ಥಿಯೊ ಎಪ್‌ಸ್ಟೀನ್ ಅವನನ್ನು ಬಾಸ್ಟನ್‌ನಲ್ಲಿ ಹದಿಹರೆಯದಿಂದಲೇ ನೋಡಿದ್ದರು; ಆಗಿನ ಜನರಲ್ ಮ್ಯಾನೇಜರ್ ಜೆಡ್ ಹೋಯರ್ ಸ್ಯಾನ್ ಡಿಯಾಗೊದಲ್ಲಿದ್ದಾಗ ಅವನನ್ನು ಅಲ್ಲಿಗೆ ತಂದವರು. ಆ ಕೆಟ್ಟ ಅಂಕಿಗೆ ಇಬ್ಬರೂ ಹೆದರಲಿಲ್ಲ. ಆಂಡ್ರೂ ಕ್ಯಾಶ್ನರ್‌ನ ವೇಗದ ತೋಳನ್ನು ಕೊಟ್ಟು 2012ರ ಜನವರಿಯಲ್ಲಿ ಅವನನ್ನು ಪಡೆದರು.

ಒಪ್ಪಂದದಲ್ಲಿ ಕನಿಷ್ಠ ಒಂದೂವರೆ ವರ್ಷ ಉಳಿದಿರುವಾಗ ಮಾರಿ. 2014ರಲ್ಲಿ ಪಿಚರ್ ಜೆಫ್ ಸಮಾರ್ಜಾ ಜೊತೆ ಜೇಸನ್ ಹ್ಯಾಮೆಲ್‌ನನ್ನೂ ಸೇರಿಸಿ ಓಕ್‌ಲ್ಯಾಂಡ್‌ಗೆ ಕೊಟ್ಟಾಗ ಅಡಿಸನ್ ರಸೆಲ್ ಸಿಕ್ಕ. ಕಬ್ಸ್ ಬಳಿ ಅವನ ಜಾಗವಾದ ಶಾರ್ಟ್‌ಸ್ಟಾಪ್‌ಗೆ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆಗಲೇ ಇಬ್ಬರಿದ್ದರು, ಆದರೂ ತೆಗೆದುಕೊಂಡರು. ಅದು ಸರಿ. ನಿಮ್ಮಲ್ಲಿ ಖಾಲಿ ಇರುವ ಜಾಗ ನೋಡಬೇಡಿ, ಅವರಲ್ಲಿರುವ ಅತ್ಯುತ್ತಮ ಹುಡುಗನನ್ನು ನೋಡಿ.

ಅಂತರ್ಜಾಲದಲ್ಲಿ ಸಿಗುವ ‘ಟ್ರೇಡ್ ಕ್ಯಾಲ್ಕುಲೇಟರ್’ ನಂಬಿ ಮಾರಬೇಡಿ. ಮೂವರು ಸಾಧಾರಣರ ಅಂಕ ಕೂಡಿಸಿ ಒಬ್ಬ ತಾರೆಗೆ ಸಮ ಎಂದು ಹೇಳುವ ಯಂತ್ರ ಅದು. ನಾಲ್ಕು ನಾಲ್ಕಾಣೆ ಸೇರಿದರೆ ರೂಪಾಯಿ ಆಗುತ್ತದೆ, ನಾಲ್ಕು ಸಾಧಾರಣ ಬ್ಯಾಟರ್‌ಗಳು ಸೇರಿ ಒಬ್ಬ ರಿಝೊ ಆಗುವುದಿಲ್ಲ. ಬ್ಯಾಟಿಂಗ್ ಸಾಲಿನಲ್ಲಿರುವುದು ಒಂಬತ್ತೇ ಜಾಗ.

ಮಾರುವ ಮುನ್ನ ಆಟಗಾರನಿಗೆ ಒಲ್ಲೆ ಎನ್ನುವ ಹಕ್ಕಿದೆಯೇ ನೋಡಿ. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನಿಗೆ ಆ ಹಕ್ಕು ಇರುತ್ತದೆ. 2012ರಲ್ಲಿ ಪಿಚರ್ ರಯಾನ್ ಡೆಂಪ್‌ಸ್ಟರ್‌ನನ್ನು ಅಟ್ಲಾಂಟಾಗೆ ಕೊಡುವ ಮಾತು ಕುದುರಿತ್ತು, ಅವನು ಒಪ್ಪಲಿಲ್ಲ. ಜುಲೈ 31ರಂದು, ಗಡುವಿನ ಕೊನೆಯ ಗಳಿಗೆಯಲ್ಲಿ, ಟೆಕ್ಸಸ್ ಜೊತೆ ವ್ಯವಹಾರ ಮುಗಿಯಿತು. ಬಂದವರಲ್ಲಿ ಒಬ್ಬ, ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಪದ್ಧತಿ) ಎಂಟನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ, ವೇಗವಿಲ್ಲದ ಪಿಚರ್ ಕೈಲ್ ಹೆಂಡ್ರಿಕ್ಸ್. 2016ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಕಬ್ಸ್ ಪರ ಮೊದಲ ಚೆಂಡು ಎಸೆದವನು ಅವನೇ.

ಕೆಡಿಸಿಕೊಂಡ ಉದಾಹರಣೆಯೂ ಬೇಕಲ್ಲ? 2018ರ ಜುಲೈನಲ್ಲಿ ಪಿಟ್ಸ್‌ಬರ್ಗ್ ತಾನು ಗೆಲ್ಲುವ ಹಂತಕ್ಕೆ ಬಂದೆನೆಂದು ಭಾವಿಸಿ ಪಿಚರ್ ಕ್ರಿಸ್ ಆರ್ಚರ್‌ನನ್ನು ಕೊಂಡಿತು. ಕೊಟ್ಟದ್ದು ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಜೊತೆಗೆ ‘ಹೆಸರು ಆಮೇಲೆ ಹೇಳುತ್ತೇವೆ’ ಎಂದು ಬಿಟ್ಟಿದ್ದ ಮೂರನೆಯವನು. ಆ ಮೂರನೆಯವನು 2017ರ ಮೊದಲ ಸುತ್ತಿನ ಆಯ್ಕೆ ಶೇನ್ ಬಾಜ್ ಆಗಿದ್ದ. ಮೆಡೋಸ್ ಮರುವರ್ಷವೇ ಲೀಗ್‌ನ ಶ್ರೇಷ್ಠರು ಆಡುವ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ. ಅನ್ನ ಅರ್ಧ ಬೆಂದಿರುವಾಗ ಒಲೆ ಆರಿಸಿದಂತಾಯಿತು.

ಮೂರನೆಯದು ಡ್ರಾಫ್ಟ್: ಮೊದಲ ಸುತ್ತಿನಲ್ಲಿ ಬ್ಯಾಟರ್‌ನನ್ನೇ ತೆಗೆದುಕೊಳ್ಳಿ, ಪಿಚರ್‌ಗಳ ಮೊಣಕೈ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕಬ್ಸ್ 2012ರಿಂದ ಕ್ರಮವಾಗಿ ಆಲ್ಬರ್ಟ್ ಅಲ್ಮೋರ, ಕ್ರಿಸ್ ಬ್ರಯಂಟ್, ಕೈಲ್ ಶ್ವಾರ್ಬರ್‌ರನ್ನು ಆರಿಸಿತು, ಮೂವರೂ ಬ್ಯಾಟರ್‌ಗಳು. ಏಳನೇ ಪಂದ್ಯದ ಹತ್ತನೇ ಇನ್ನಿಂಗ್ಸ್‌ನಲ್ಲಿ ಶ್ವಾರ್ಬರ್ ಹೊಡೆದು ಬೇಸ್ ತಲುಪಿದ, ಅವನ ಬದಲಿಗೆ ಓಡಲು ಬಂದ ಅಲ್ಮೋರ ಮುನ್ನಡೆಯ ರನ್ ತಂದ, ಕೊನೆಯ ಔಟ್‌ಗೆ ಚೆಂಡನ್ನು ಬ್ರಯಂಟ್ ಹೆಕ್ಕಿ ರಿಝೊಗೆ ಎಸೆದ. ಇನ್ನು ಬೇಕೆಂದೇ ಸೋತು ಮೊದಲ ಆಯ್ಕೆ ಪಡೆಯುವ ಅಡ್ಡದಾರಿ ಈಗ ಮುಚ್ಚಿದೆ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ. 2024ರಲ್ಲಿ 121 ಪಂದ್ಯ ಸೋತ ಷಿಕಾಗೊ ವೈಟ್ ಸಾಕ್ಸ್‌ಗೆ ಮರುವರ್ಷ ಸಿಕ್ಕಿದ್ದು ಹತ್ತನೇ ಆಯ್ಕೆ.

ನಾಲ್ಕನೆಯದು, ಹುಡುಗರನ್ನು ಮೇಲಕ್ಕೆ ತರುವುದು. ಸಿದ್ಧನಾದವನನ್ನು ಕೂಡಲೇ ಆಡಿಸಿ. 2015ರಲ್ಲಿ ಬ್ರಯಂಟ್‌ನನ್ನು ಏಪ್ರಿಲ್ 17ರವರೆಗೆ ಕೆಳಹಂತದ ಮೈನರ್ ಲೀಗ್‌ನಲ್ಲಿ ಇರಿಸಿದ್ದರಿಂದ ಪೂರ್ತಿ ವರ್ಷದ ಲೆಕ್ಕಕ್ಕೆ ಅವನಿಗೆ ಒಂದು ದಿನ ಕಡಿಮೆಯಾಯಿತು, ತಂಡಕ್ಕೆ ಇನ್ನೊಂದು ವರ್ಷ ದಕ್ಕಿತು. ನಿಯಮದಲ್ಲಿ ಅವಕಾಶವಿದ್ದರೂ ಅದು ಆಟಗಾರನಿಗೆ ಮಾಡಿದ ಅನ್ಯಾಯ ಎಂದೇ ನನ್ನ ನಿಲುವು.

ಕೊನೆಗೆ ಕೊಳ್ಳುವುದು. ಹುಡುಗರು ಬಾಗಿಲಿಗೆ ಬಂದ ಮೇಲಷ್ಟೇ ದುಡ್ಡಿನ ಚೀಲ ಬಿಚ್ಚಿ. ಕಬ್ಸ್ ಪಿಚರ್ ಜಾನ್ ಲೆಸ್ಟರ್‌ಗೆ ಆರು ವರ್ಷಕ್ಕೆ 15.5 ಕೋಟಿ ಡಾಲರ್ ಕೊಟ್ಟಿದ್ದು 2014ರ ಡಿಸೆಂಬರ್‌ನಲ್ಲಿ, ಮೂರು ಸೀಸನ್ ಸೋತ ನಂತರ. ನಮ್ಮ ಲೀಗ್‌ನಲ್ಲಿ ಇದನ್ನೇ ಮೊದಲ ವರ್ಷ ಮಾಡುತ್ತಾರೆ. ತಂಡ ಎದ್ದು ನಿಲ್ಲುವ ಹೊತ್ತಿಗೆ ಆ ತಾರೆಗೆ 34 ದಾಟಿರುತ್ತದೆ.

ಗೆದ್ದ ಮೇಲೂ ಮೊದಲ ಹೆಜ್ಜೆಯ ಆ ಪಟ್ಟಿಯನ್ನು ಎಸೆಯಬೇಡಿ. 2021ರ ಜುಲೈ ಕೊನೆಯಲ್ಲಿ ಕಬ್ಸ್ ಎರಡೇ ದಿನಗಳಲ್ಲಿ ರಿಝೊ, ಬ್ರಯಂಟ್, ಹಾವಿಯರ್ ಬಾಯೆಸ್ ಮೂವರನ್ನೂ ಮಾರಿತು. ಈ ನಗರದವರಿಗೆ ಆ ವಾರ ಬಹಳ ಕಷ್ಟವಾಯಿತು, ನನಗೂ. ಮೂವರ ಒಪ್ಪಂದವೂ ಕೆಲವೇ ತಿಂಗಳಲ್ಲಿ ಮುಗಿಯುವುದಿತ್ತು. ಬಾಯೆಸ್‌ಗೆ ಬದಲಾಗಿ ನ್ಯೂಯಾರ್ಕ್ ಮೆಟ್ಸ್‌ನಿಂದ ಬಂದಿದ್ದು ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ 19ರ ಹುಡುಗ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್. 2025ರಲ್ಲಿ ಅವನು 30 ಹೋಮ್ ರನ್, 30 ಬೇಸ್ ಕಳವು (ಪಿಚರ್ ಎಸೆಯುವಾಗಲೇ ಓಡಿ ಮುಂದಿನ ಬೇಸ್ ಹಿಡಿಯುವುದು) ಎರಡನ್ನೂ ದಾಟಿದ.