ಎಳೆದ್ರೆ ರೀಡಿಂಗ್ ಕೊಡುವ ಟ್ಯೂಬು: ಮನೆಯಲ್ಲೇ ಲಿಕ್ವಿಡ್ ಮೆಟಲ್ ಸೆನ್ಸರ್

ಬೆರಳು ಎಷ್ಟು ಮಡಚಿತು, ಉಸಿರು ಎಳೆದಾಗ ಎದೆ ಎಷ್ಟು ಉಬ್ಬಿತು ಅಂತ ಅಳೀಲಿಕ್ಕೆ ಸಾದಾ ವಯರ್ ಉಪಯೋಗ ಇಲ್ಲ, ಅದು ಎಳೆದ್ರೆ ತುಂಡಾಗ್ತದೆ. ಸಪೂರ ಸಿಲಿಕೋನ್ ಟ್ಯೂಬಿನೊಳಗೆ ದ್ರವ ಲೋಹ ತುಂಬಿಸಿದ್ರೆ ಟ್ಯೂಬಿನ ಒಟ್ಟಿಗೆ ಅದೂ ಉದ್ದ ಆಗ್ತದೆ, ಸಪೂರ ಆಗ್ತದೆ, ರೆಸಿಸ್ಟೆನ್ಸ್ (ಕರೆಂಟಿಗೆ ಬರುವ ಅಡ್ಡಿ) ಏರ್ತದೆ, ನಾವು ಅಳೆಯುದು ಅದನ್ನೇ. ತುಂಬಿಸುದು ಸುಲಭ ಮಾರಾಯ್ರೆ, ತಲೆಬಿಸಿ ಇರುದು ಎರಡು ತುದಿಯಲ್ಲಿ.

1953ರಲ್ಲೇ ವಿಟ್ನಿ ಅನ್ನುವವರು ರಬ್ಬರ್ ಟ್ಯೂಬಿಗೆ ಪಾದರಸ ತುಂಬಿಸಿ ಕೈಕಾಲಿನ ಸುತ್ತಳತೆ ಅಳೆದಿದ್ರು. ನೀವು ಹಳೇ ಥರ್ಮಾಮೀಟರ್ ಒಡೆಯುದು ಬೇಡ, ಪಾದರಸದ ಆವಿ ವಿಷ. ನಮಗೆ ಬೇಕಾದ್ದು ಗ್ಯಾಲಿಯಂ 3 ಪಾಲು, ಇಂಡಿಯಂ 1 ಪಾಲು, ತೂಕದ ಲೆಕ್ಕದಲ್ಲಿ. ಎರಡನ್ನೂ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಬಿಸಿನೀರಲ್ಲಿಟ್ಟು ಆಗಾಗ ಅಲ್ಲಾಡಿಸಿ, ಗ್ಯಾಲಿಯಂ ಕರಗಿ ಇಂಡಿಯಮನ್ನು ತನ್ನೊಳಗೆ ಎಳ್ಕೊಳ್ತದೆ. ಬರೀ ಗ್ಯಾಲಿಯಂ ಕರಗುದು 29.8 ಡಿಗ್ರಿಗೆ, ಅಂದ್ರೆ ಕಾಸರಗೋಡಿನ ಏಪ್ರಿಲ್ ಸೆಖೆಗೆ ನೀರು, ಆಟಿ ಮಳೆಗೆ ಪುನಃ ಗಟ್ಟಿ. ಈ ಮಿಶ್ರಣಕ್ಕೆ 15.5 ಡಿಗ್ರಿ ಸಾಕು, ನಮ್ಮ ಕರಾವಳಿಯಲ್ಲಿ ವರ್ಷವಿಡೀ ಚಿಂತೆ ಇಲ್ಲ, ಡಿಸೆಂಬರಲ್ಲಿ ಮಡಿಕೇರಿಗೆ ಹಿಡ್ಕೊಂಡು ಹೋಗುದಾದ್ರೆ ಮಾತ್ರ ನೋಡಿ.

ಶುರು ಮಾಡುವ ಮೊದಲು ಚಿನ್ನದ ಉಂಗುರ ತೆಗೆದಿಡಿ, ಕೈಗೆ ಗ್ಲೌಸ್ ಹಾಕಿ. ಅಲ್ಯುಮಿನಿಯಂ ಹತ್ರಕ್ಕೂ ತರ್ಬೇಡಿ, ಪಾತ್ರೆ ಆಗ್ಲಿ ತೋಟದ ದೋಟಿ ಆಗ್ಲಿ, ಗ್ಯಾಲಿಯಂ ಅದರ ಒಳಗೆ ಇಳಿದು ಮುರುಕು ಮಾಡಿಬಿಡ್ತದೆ. ವಿಮಾನದಲ್ಲಿ ಇದನ್ನು ಅಪಾಯದ ಸರಕು ಅಂತ ಲೆಕ್ಕ ಹಾಕುದೂ ಇದಕ್ಕೇ.

ಒಳಗಿನ ವ್ಯಾಸ 0.5 ಮಿಲಿಮೀಟರ್ ಇರುವ ಟ್ಯೂಬ್ 15 ಸೆಂಟಿಮೀಟರ್ ಸಾಕು. ಇದಕ್ಕೆ ಹಿಡಿಯುದು 0.2 ಗ್ರಾಮಿಗಿಂತಲೂ ಕಮ್ಮಿ ಲೋಹ, ಹಾಗಾಗಿ ಕೆಜಿಗಟ್ಟಲೆ ತರಿಸ್ಬೇಡಿ. ಸಪೂರ ಸೂಜಿಯ ಸಿರಿಂಜಲ್ಲಿ ಒಂದು ತುದಿಯಿಂದ ನಿಧಾನ ಒತ್ತಿ, ಇನ್ನೊಂದು ತುದಿ ತೆರೆದಿರ್ಲಿ. ಗಾಳಿ ತಾಗಿದ ಕೂಡ್ಲೆ ಲೋಹದ ಮೇಲೆ ಹಾಲಿನ ಕೆನೆಯ ಹಾಗೆ ಆಕ್ಸೈಡ್ ಪದರ ಕಟ್ತದೆ, ದಪ್ಪ ಬರೀ 1ರಿಂದ 3 ನ್ಯಾನೋಮೀಟರ್, ಆದ್ರೂ ಲೋಹ ಸುಮ್ಮನೆ ಹರಿದು ಹೋಗದ ಹಾಗೆ ಹಿಡಿದಿಡುದು ಅದೇ. ಟಾರ್ಚ್ ಹಿಡಿದು ನೋಡಿ, ಬೆಳ್ಳಿ ಗೆರೆಯ ನಡುವೆ ಎಲ್ಲಾದ್ರೂ ಬಿಳಿ ಗ್ಯಾಪ್ ಕಂಡ್ರೆ ಅದು ಗಾಳಿಗುಳ್ಳೆ, ಬೆರಳಲ್ಲಿ ಒತ್ತಿ ಒತ್ತಿ ಹೊರಗೆ ಓಡಿಸಿ.

ಈಗ ತುದಿ. ಕ್ಯಾಟ್ 6 ಲ್ಯಾನ್ ಕೇಬಲಿನ ಗಟ್ಟಿ ತಾಮ್ರದ ಎಳೆ ಈ ತೂತಿಗೆ ಬಿಗಿಯಾಗಿ ಕೂತ್ಕೊಳ್ತದೆ, ಒಂದು ಸೆಂಟಿಮೀಟರ್ ಒಳಗೆ ತಳ್ಳಿ. ಆದ್ರೆ ಕಮ್ಮಿ ರೇಟಿನ ಕೇಬಲಲ್ಲಿ ಮೇಲೆ ಮಾತ್ರ ತಾಮ್ರ, ಒಳಗೆ ಅಲ್ಯುಮಿನಿಯಂ ಇರ್ತದೆ! ಬ್ಲೇಡಲ್ಲಿ ಕೆರೆದು ನೋಡಿ, ಬೆಳ್ಳಗೆ ಕಂಡ್ರೆ ಬಿಸಾಡಿ. ಸೋಲ್ಡರ್ ಕೂಡ ದ್ರವ ಲೋಹಕ್ಕೆ ತಾಗ್ಬಾರ್ದು, ಜಾಯಿಂಟ್ ಹೊರಗಿರ್ಲಿ. ಸೂಪರ್ ಗ್ಲೂ ಸಿಲಿಕೋನಿಗೆ ಹಿಡಿಯುದೇ ಇಲ್ಲ, ಸುತ್ತ ಗಟ್ಟಿ ನೂಲು ಸುತ್ತಿ ಅದರ ಮೇಲೆ ಸಿಲಿಕೋನ್ ಸೀಲೆಂಟ್ ಹಚ್ಚಿ ಒಂದು ದಿನ ಮುಟ್ಬೇಡಿ.

ಮಲ್ಟಿಮೀಟರಲ್ಲಿ ನೋಡಿದ್ರೆ ಶಾರ್ಟ್ ಆದ ಹಾಗೆ ಕಾಣ್ತದೆ, ಯಾಕಂದ್ರೆ ಇದರ ರೆಸಿಸ್ಟೆನ್ಸ್ ಬರೀ 0.22 ಓಮ್, ಮೀಟರಿನ ವಯರಿಗೇ ಅಷ್ಟುಂಟು. ಅದಕ್ಕೆ ಒಂದೊಂದು ತುದಿಯಿಂದ ಎರಡೆರಡರ ಹಾಗೆ ನಾಲ್ಕು ವಯರ್ ಎಳೀಬೇಕು, ಎರಡು ಕರೆಂಟಿಗೆ, ಎರಡು ವೋಲ್ಟೇಜ್ ನೋಡ್ಲಿಕ್ಕೆ. 5 ವೋಲ್ಟಿಗೆ 47 ಓಮಿನ 1 ವಾಟ್ ರೆಸಿಸ್ಟರ್ ಸೀರೀಸಲ್ಲಿ ಹಾಕಿದ್ರೆ ಸುಮಾರು 100 ಮಿಲಿಆಂಪ್ ಹರಿದು ಟ್ಯೂಬಿನ ಮೇಲೆ 24 ಮಿಲಿವೋಲ್ಟ್ ಆಸುಪಾಸು ಬರ್ತದೆ. ವೋಲ್ಟೇಜನ್ನು ಅಂಕೆಗೆ ತಿರುಗಿಸುವ ಎಡಿಎಸ್ 1115 ಬೋರ್ಡನ್ನು ಗೇನ್ (ವೋಲ್ಟೇಜ್ ಹಿಗ್ಗಿಸುವ ಸೆಟ್ಟಿಂಗ್) 16ರಲ್ಲಿಟ್ರೆ ಒಂದು ಕೌಂಟ್, ಅಂದ್ರೆ ಅದು ಗುರುತಿಸುವ ಅತಿ ಸಣ್ಣ ಮೆಟ್ಟಿಲು, 7.8 ಮೈಕ್ರೋವೋಲ್ಟ್, ಧಾರಾಳ ಆಯ್ತು.

ಉದ್ದ ಎರಡು ಪಟ್ಟಾದ್ರೆ ರೆಸಿಸ್ಟೆನ್ಸ್ ನಾಲ್ಕು ಪಟ್ಟಾಗ್ತದೆ, ಹಾಗಾಗಿ ಗ್ರಾಫ್ ನೇರ ಗೆರೆ ಬರುದಿಲ್ಲ, ಗಾಬರಿ ಬೇಡ. ಸ್ಕೇಲ್ ಪಕ್ಕ ಇಟ್ಟು ಅರ್ಧರ್ಧ ಸೆಂಟಿಮೀಟರಿಗೆ ರೀಡಿಂಗ್ ಬರ್ಕೊಳ್ಳಿ, ಎಳೆಯುವಾಗ ಒಮ್ಮೆ, ಬಿಡುವಾಗ ಒಮ್ಮೆ. ಸಿಲಿಕೋನ್ ವಾಪಸ್ ಬರುದು ಸ್ವಲ್ಪ ನಿಧಾನ, ಅದಕ್ಕೆ ಪ್ರತಿ ಸಲ ಕಟ್ಟುವ ಮೊದಲು ಸೊನ್ನೆ, ಅಂದ್ರೆ ಎಳೆಯದೆ ಇರುವಾಗಿನ ರೀಡಿಂಗ್, ಹೊಸದಾಗಿ ತಗೊಳ್ಳಿ.